ತ್ರಿಭುಜ ಎನ್ನಬೇಕೋ, ತ್ರಿಕೋನ ಎನ್ನಬೇಕೋ?

ಶಾಲೆ ಶುರುವಾಗಿ ಎರಡು ಮೂರು ತಿಂಗಳಾಗುತ್ತಿದ್ದಂತೆ ನನಗೆ ಬರುವ ಪತ್ರಗಳಲ್ಲಿ ಒಂಬತ್ತು, ಹತ್ತನೇ ತರಗತಿಯ ಮಕ್ಕಳ ತಂದೆತಾಯಿಯರದೇ ಹೆಚ್ಚಾಗುತ್ತದೆ. ಈಚೆಗೆ ತಾಯಿಯೊಬ್ಬರು ಬರೆದಿದ್ದರು: ಮಗಳು ಪ್ರಮೇಯಗಳನ್ನೆಲ್ಲ ಒಂದಕ್ಷರ ತಪ್ಪದೆ ಒಪ್ಪಿಸುತ್ತಾಳೆ. ದತ್ತ, ಸಾಧನೀಯ, ರಚನೆ, ಸಾಧನೆ ಎಲ್ಲ ಅಚ್ಚುಕಟ್ಟು. ಆದರೆ ಪುಸ್ತಕದಲ್ಲಿ ಎಬಿಸಿ ಎಂದಿದ್ದ ತ್ರಿಭುಜಕ್ಕೆ ಪರೀಕ್ಷೆಯಲ್ಲಿ ಪಿಕ್ಯೂಆರ್ ಎಂದು ಹೆಸರಿಟ್ಟು, ಚಿತ್ರವನ್ನು ಸ್ವಲ್ಪ ತಿರುಗಿಸಿ ಕೊಟ್ಟರೆ ಪೆನ್ನು ನಿಂತುಬಿಡುತ್ತದೆ. ಬಾ.ಕೋ.ಬಾ (ಬಾಹು, ಕೋನ, ಬಾಹು) ಏಕೆ ಸರಿ, ಬಾ.ಬಾ.ಕೋ ಏಕೆ ಆಗದು ಎಂದರೆ "ಬುಕ್ಕಲ್ಲಿ ಹಾಗೇ ಇದೆ" ಅನ್ನುತ್ತಾಳೆ. ಏನು ಮಾಡಲಿ?

ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಪ್ರತಿ ವರ್ಷ ಬರುತ್ತದೆ. ಒಂದೊಂದು ಪತ್ರಕ್ಕೂ ಬೇರೆ ಬೇರೆ ಉತ್ತರ ಬರೆಯುವ ಬದಲು ಇವತ್ತು ಇಲ್ಲೇ ಕೂತು ಮಾತಾಡೋಣ. ತ್ರಿಭುಜದ ಅಧ್ಯಾಯವನ್ನೆಲ್ಲ ಇಲ್ಲಿ ಹೇಳಲಾರೆ. ಅದರ ಬೇರು ಎಲ್ಲಿದೆ ಎಂಬುದನ್ನಷ್ಟೇ ತೋರಿಸುತ್ತೇನೆ.

ನಮ್ಮ ಭಾಷೆಯಲ್ಲಿ ಈ ಆಕೃತಿಗೆ ಎರಡು ಹೆಸರುಗಳಿವೆ. ತ್ರಿಭುಜ ಎಂದರೆ ಮೂರು ತೋಳಿನದು, ತ್ರಿಕೋನ ಎಂದರೆ ಮೂರು ಮೂಲೆಯದು. ಆಡುಮಾತಿನಲ್ಲಿ ಎರಡರಲ್ಲಿ ಯಾವುದನ್ನು ಬಳಸಿದರೂ ನಡೆಯುತ್ತದೆ. ಆದರೆ ಈ ಎರಡು ಹೆಸರುಗಳು ಎರಡು ಬೇರೆ ಬೇರೆ ಸುದ್ದಿಗಳನ್ನು ಹೊತ್ತಿವೆ. ನನ್ನ ಹಾಳೆಯ ಮೇಲಿರುವ ಆಕೃತಿಯ ಮೂರು ತೋಳುಗಳ ಅಳತೆ ಹೇಳಿದರೆ ನೀವು ಅದನ್ನು ಯಥಾವತ್ತಾಗಿ ಬರೆದುಬಿಡಬಹುದು. ಮೂರು ಮೂಲೆಗಳ ಅಳತೆ ಹೇಳಿದರೆ ಬರೆಯಲಾರಿರಿ. ಒಂಬತ್ತನೇ ತರಗತಿಯ ಸರ್ವಸಮತೆ, ಹತ್ತನೇ ತರಗತಿಯ ಸಮರೂಪತೆ ಎರಡೂ ಈ ಒಂದು ವ್ಯತ್ಯಾಸದಿಂದಲೇ ಹುಟ್ಟಿದವು.

ಇದನ್ನು ನನ್ನ ತಂಗಿಯ ಮಗಳಿಗೆ ಫೋನಿನಲ್ಲಿ ಆಟವಾಡಿ ತಿಳಿಸಿದೆ. ಅವಳು ಇರುವ ಊರು ಬೇರೆ, ನಾನಿರುವ ಊರು ಬೇರೆ. ನಾನು ಒಂದು ತ್ರಿಭುಜ ಬರೆದಿಟ್ಟುಕೊಳ್ಳಬೇಕು, ಅದರ ಅಳತೆಗಳನ್ನು ಫೋನಿನಲ್ಲಿ ಹೇಳಬೇಕು, ಅವಳು ಅದನ್ನೇ ಅಲ್ಲಿ ಬರೆಯಬೇಕು. ಮುಂದೆ ಹಬ್ಬಕ್ಕೆ ಸಿಕ್ಕಾಗ ಎರಡನ್ನೂ ಕತ್ತರಿಸಿ ಒಂದರ ಮೇಲೊಂದಿಟ್ಟರೆ ಅಂಚಿಗೆ ಅಂಚು ಕೂಡಬೇಕು. ಕೂಡಿದರೆ ಅವು ಸರ್ವಸಮ. ತ್ರಿಭುಜಕ್ಕೆ ಇರುವುದು ಆರು ಅಳತೆ: ಮೂರು ಬಾಹು, ಮೂರು ಕೋನ. ಆರನ್ನೂ ಹೇಳಿದರೆ ಅದರಲ್ಲಿ ಆಟವೇನೂ ಇಲ್ಲ. ಆಟದ ಸ್ವಾರಸ್ಯವಿರುವುದು ಎಷ್ಟು ಕಡಿಮೆ ಹೇಳಿದರೆ ಸಾಕಾಗುತ್ತದೆ ಎಂಬುದರಲ್ಲಿ.

ಮೊದಲು ಮೂರು ಬಾಹು ಹೇಳಿದೆ: 7, 5, 6 ಸೆಂಟಿಮೀಟರ್. ಅವಳು 7ರ ಗೆರೆ ಎಳೆದಳು. ಒಂದು ತುದಿಯಲ್ಲಿ ಕೈವಾರ ಊರಿ 5ರ ಕಂಸ, ಇನ್ನೊಂದು ತುದಿಯಿಂದ 6ರ ಕಂಸ. ಎರಡೂ ಕತ್ತರಿಸಿದಲ್ಲಿ ಮೂರನೇ ಮೂಲೆ. ಕೂಡಲೇ ಅವಳೇ ಕೇಳಿದಳು: "ಮಾವಾ, ಗೆರೆಯ ಕೆಳಗೂ ಒಂದು ಕಡೆ ಕತ್ತರಿಸುತ್ತಲ್ಲ?" ಹೌದು, ಕತ್ತರಿಸುತ್ತದೆ. ಆದರೆ ಕೆಳಗಿನದು ಮೇಲಿನದರ ಕನ್ನಡಿಬಿಂಬ. ಕತ್ತರಿಸಿ ಮಗುಚಿ ಹಾಕಿದರೆ ಅದೇ. ಹಾಗಾಗಿ ಉತ್ತರ ಒಂದೇ. ಬಾ.ಬಾ.ಬಾ ಎಂದು ಪುಸ್ತಕದಲ್ಲಿ ಮೂರಕ್ಷರವಾಗಿ ಕೂತಿರುವುದು ಇಷ್ಟೇ: ಮೂರು ತೋಳು ಹೇಳಿದರೆ ಸಾಕು, ಮೂಲೆಗಳು ತಾವಾಗಿಯೇ ಬರುತ್ತವೆ.

ಆಮೇಲೆ 3, 6, 9 ಎಂದೆ. ಅವಳು ಬಹಳ ಹೊತ್ತು ಒದ್ದಾಡಿದಳು. ಕಂಸಗಳು ಗೆರೆಯ ಮೇಲೆಯೇ ಒಂದನ್ನೊಂದು ಮುಟ್ಟುತ್ತವೆ, ಮೇಲೇಳುವುದೇ ಇಲ್ಲ. ಈ ಮೂರು ಸಂಖ್ಯೆಗಳು ನನ್ನವಲ್ಲ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿಯಲ್ಲಿವೆ. ಒಂದು ಬಾಹು ಉಳಿದವುಗಳ ಮೊತ್ತಕ್ಕೆ ಸಮವಾಗಿದ್ದರೆ ಅಥವಾ ಅದಕ್ಕಿಂತ ದೊಡ್ಡದಾಗಿದ್ದರೆ ಅದು ಆಕೃತಿಯೇ ಅಲ್ಲ ಎಂದು ಅವರು ಹೇಳಿ, ಅದಕ್ಕೆ ಉದಾಹರಣೆಯಾಗಿ 3, 6, 9ರ ತ್ರಿಭುಜವನ್ನು ಕೊಡುತ್ತಾರೆ. ನನಗೆ ಬಹಳ ಇಷ್ಟವಾಗುವುದು ಅದರ ಜೊತೆಗಿರುವ ಸೂಚನೆ. ಆ ಅಳತೆಯ ನೇರ ಕಡ್ಡಿಗಳನ್ನು ಬಾಹುಗಳ ಜಾಗದಲ್ಲಿಟ್ಟು, ಅವು ಕೂಡುವುದಿಲ್ಲ ಎಂಬುದನ್ನು ತೋರಿಸಬೇಕಂತೆ. ಎಂಟುನೂರು ವರ್ಷಕ್ಕೂ ಹಿಂದೆ ಒಬ್ಬ ಮಹಾಗಣಿತಜ್ಞ ಕಡ್ಡಿ ಇಟ್ಟು ತೋರಿಸಿ ಎಂದಿರುವಾಗ, ನಾವು ತರಗತಿಯಲ್ಲಿ ಒಂದು ಪೊರಕೆಕಡ್ಡಿಯನ್ನೂ ಮುರಿಯದೆ ಈ ಪಾಠ ಮುಗಿಸುತ್ತಿದ್ದೇವೆ.

ಇದೇ ಸಂಗತಿಗೆ ಗ್ರೀಸಿನಲ್ಲಿ ಇನ್ನೊಂದು ಕಥೆಯಿದೆ. ಯೂಕ್ಲಿಡ್ ತನ್ನ ಎಲಿಮೆಂಟ್ಸ್ ಗ್ರಂಥದ ಮೊದಲ ಭಾಗದ 20ನೇ ಪ್ರಮೇಯದಲ್ಲಿ ಎರಡು ಬಾಹುಗಳ ಮೊತ್ತ ಮೂರನೆಯದಕ್ಕಿಂತ ಹೆಚ್ಚೆಂದು ಸಾಧಿಸಿದ್ದಾನೆ. ತತ್ತ್ವಜ್ಞಾನಿ ಎಪಿಕ್ಯುರಸ್‌ನ ಅನುಯಾಯಿಗಳು ಅದನ್ನು ನೋಡಿ ನಗುತ್ತಿದ್ದರಂತೆ: ಹುಲ್ಲಿನ ಕಡೆಗೆ ಕತ್ತೆಯೂ ನೇರ ದಾರಿಯಲ್ಲೇ ಹೋಗುತ್ತದೆ, ಇದಕ್ಕೂ ಸಾಧನೆ ಬೇಕೆ ಎಂದು. ಅದನ್ನು ದಾಖಲಿಸಿದ ವ್ಯಾಖ್ಯಾನಕಾರ ಪ್ರೋಕ್ಲಸ್ ಕೊಟ್ಟ ಉತ್ತರ ಮಾತ್ರ ಗಂಭೀರ: ಕಣ್ಣಿಗೆ ಕಾಣುವುದು ಒಂದು, ಏಕೆ ಹಾಗೆ ಎಂದು ತಿಳಿಯುವುದು ಇನ್ನೊಂದು. ಮಕ್ಕಳಿಗೆ ಎರಡೂ ಬೇಕು. ಆದರೆ ಕಾಣುವುದು ಮೊದಲು ಬರಬೇಕು.

ತೋಳುಗಳಿಗೆ ಇಷ್ಟು ಬಲವಿರುವುದು ಮೂರಿದ್ದಾಗ ಮಾತ್ರ. ನಾಲ್ಕು ಕಡ್ಡಿಗಳನ್ನು ತುದಿಗೆ ತುದಿ ದಾರದಿಂದ ಕಟ್ಟಿ ಚೌಕ ಮಾಡಿ. ಒಂದು ಮೂಲೆ ಒತ್ತಿದರೆ ಸಾಕು, ಓರೆಯಾಗಿ ವಜ್ರಾಕೃತಿಯಾಗುತ್ತದೆ. ಬಾಹುಗಳು ಅವೇ, ಆಕಾರ ಬೇರೆ, ಒಳಗಿನ ಜಾಗವೂ ಬೇರೆ. ನಾಲ್ಕು ಬಾಹುಗಳ ಅಳತೆಯನ್ನಷ್ಟೇ ಕೊಟ್ಟು ಕ್ಷೇತ್ರಫಲ ಕೇಳುವವನನ್ನು ಭಾಸ್ಕರಾಚಾರ್ಯರು ಪಿಶಾಚಿ ಎಂದು ಗದರಿಸುತ್ತಾರೆ, ಅದಕ್ಕೆ ಉತ್ತರ ಹೇಳಹೋಗುವವನು ಅವನಿಗಿಂತ ದೊಡ್ಡ ಪಿಶಾಚಿ ಎನ್ನುತ್ತಾರೆ. ಈಗ ಆ ಚೌಕಕ್ಕೆ ಮೂಲೆಯಿಂದ ಮೂಲೆಗೆ ಇನ್ನೊಂದು ಕಡ್ಡಿ ಕಟ್ಟಿ ನೋಡಿ. ಅಲುಗಾಡುವುದಿಲ್ಲ, ಏಕೆಂದರೆ ಅದೀಗ ಎರಡು ತ್ರಿಭುಜ. ತೋಟದ ಬಿದಿರಿನ ಗೇಟಿಗೆ ಓರೆಯಾಗಿ ಒಂದು ಪಟ್ಟಿ ಹೊಡೆಯುವುದು ಇದಕ್ಕೇ. ವಿದ್ಯುತ್ ಗೋಪುರ, ರೈಲ್ವೆ ಸೇತುವೆಯ ಹಂದರ, ಸೈಕಲ್ಲಿನ ಚೌಕಟ್ಟು ಎಲ್ಲೆಲ್ಲೂ ಇದೇ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ, ಮಲೆನಾಡಿನ ಮನೆಗಳ ತಲೆಯ ಮೇಲೆ ಅಷ್ಟು ಭಾರದ ಹೆಂಚು ಬಂತು. ಅದನ್ನು ಹೊತ್ತಿರುವುದು ಓರೆಯಾಗಿ ಇಳಿಯುವ ಎರಡು ಮರ, ಅವುಗಳ ಕಾಲು ಜಾರದಂತೆ ಹಿಡಿದಿಡುವ ಒಂದು ಅಡ್ಡತೊಲೆ. ಮೂರು ತೋಳು, ಒಂದು ತ್ರಿಭುಜ.

ನಮ್ಮ ಮನೆ ಕಟ್ಟುವಾಗ ಮೇಸ್ತ್ರಿ ಪಾಯದ ಮೂಲೆ ಹಿಡಿಯುತ್ತಿದ್ದುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಗೂಟ ಹೊಡೆದು, ಒಂದು ದಾರದ ಮೇಲೆ 3 ಅಡಿಗೆ ಗುರುತು, ಇನ್ನೊಂದರ ಮೇಲೆ 4 ಅಡಿಗೆ ಗುರುತು. ಎರಡು ಗುರುತುಗಳ ನಡುವೆ ಟೇಪು ಹಿಡಿದು ಸರಿಯಾಗಿ 5 ಅಡಿ ಬರುವವರೆಗೆ ದಾರವನ್ನು ಅತ್ತಿತ್ತ ಸರಿಸಿದರು. ಬಂದ ಕೂಡಲೇ "ಮೂಲೆ ಸಿಕ್ತು" ಅಂದರು. ಅಲ್ಲಿ ಅವರು ಕೋನ ಅಳೆಯಲೇ ಇಲ್ಲ ಎಂಬುದನ್ನು ಗಮನಿಸಿ. ಮೂರು ತೋಳುಗಳನ್ನು ಸರಿಯಾಗಿ ಹಿಡಿದರು, ಲಂಬಕೋನ ತಾನಾಗಿ ಬಂತು. ಪುಸ್ತಕ ಇದನ್ನು ಪೈಥಾಗೊರಸ್ ಪ್ರಮೇಯದ ವಿಲೋಮ ಎನ್ನುತ್ತದೆ. ಅದರ ಸಾಧನೆಯನ್ನು ತೆಗೆದು ನೋಡಿ: 3 ಮತ್ತು 4 ಲಂಬವಾಗಿರುವ ಹೊಸದೊಂದು ತ್ರಿಭುಜ ರಚಿಸುತ್ತಾರೆ, ಅದರ ವಿಕರ್ಣ 5 ಎಂದು ತೋರಿಸುತ್ತಾರೆ, ಮೇಸ್ತ್ರಿಯ ತ್ರಿಭುಜವೂ ಇದೂ ಬಾ.ಬಾ.ಬಾ ಪ್ರಕಾರ ಸರ್ವಸಮ ಎನ್ನುತ್ತಾರೆ. ಪೈಥಾಗೊರಸ್ ಒಂದು ಪಾಠ, ಸರ್ವಸಮತೆ ಇನ್ನೊಂದು ಪಾಠ ಎಂದುಕೊಂಡ ಮಗುವಿಗೆ ಈ ಕೊಂಡಿ ಕಾಣುವುದೇ ಇಲ್ಲ.

ಈಗ ಕೋನಗಳ ಸರದಿ. ಫೋನಿನಲ್ಲಿ 50, 60, 70 ಡಿಗ್ರಿ ಎಂದೆ. ಅವಳು ಬರೆದ ತ್ರಿಭುಜ ನನ್ನದರ ಅಚ್ಚು, ಆದರೆ ಅಳತೆಯಲ್ಲಿ ಹೆಚ್ಚು ಕಡಿಮೆ ಎರಡರಷ್ಟು. ಆಕಾರ ಒಂದೇ, ಗಾತ್ರ ಬೇರೆ. ಇದೇ ಸಮರೂಪತೆ. ಮೂರು ತೋಳು ಹೇಳಿದಾಗ ಸಾಕಾದದ್ದು ಮೂರು ಮೂಲೆ ಹೇಳಿದಾಗ ಏಕೆ ಸಾಲಲಿಲ್ಲ? ಇಲ್ಲಿ ಒಂದು ನಿಮಿಷ ನಿಲ್ಲಬೇಕು. ನಾನು ಮೂರು ಸಂಗತಿ ಹೇಳಿದಂತೆ ಕಂಡರೂ ಹೇಳಿದ್ದು ಎರಡೇ. 50, 60 ಎಂದ ಮೇಲೆ ಮೂರನೆಯದು 70 ಎಂಬುದು ಅವಳಿಗೆ ಮೊದಲೇ ಗೊತ್ತು. ಒಳಕೋನಗಳ ಮೊತ್ತ 180 ಎಂಬ ಪ್ರಮೇಯ ನನ್ನ ಮೂರನೇ ಮಾತನ್ನು ಹಳೇ ಸುದ್ದಿಯಾಗಿಸಿತು. ಕೋ.ಕೋ.ಕೋ ಸರ್ವಸಮತೆಗೆ ಸಾಲದಿರುವ ಗುಟ್ಟು ಇದು. ಗಾತ್ರ ತಿಳಿಯಬೇಕಾದರೆ ಒಂದಾದರೂ ತೋಳಿನ ಅಳತೆ ಬೇಕೇ ಬೇಕು.

ಸಮರೂಪತೆ ಸೋತವರಿಗೆ ಸಿಗುವ ಬಹುಮಾನವೆಂದು ಯಾರೂ ತಿಳಿಯಬಾರದು. ತೆಂಗಿನ ಮರದ ಎತ್ತರ ಹತ್ತದೆಯೇ ತಿಳಿಯುವುದು ಅದರಿಂದಲೇ. ಬಿಸಿಲಿನಲ್ಲಿ ಒಂದು ಮೀಟರ್ ಕೋಲು ನೆಟ್ಟಗೆ ನಿಲ್ಲಿಸಿ, ಅದರ ನೆರಳು 75 ಸೆಂಟಿಮೀಟರ್ ಎಂದುಕೊಳ್ಳಿ. ಅದೇ ಹೊತ್ತಿನಲ್ಲಿ ಮರದ ನೆರಳು 9 ಮೀಟರ್. ಸೂರ್ಯನ ಕಿರಣ ಎರಡನ್ನೂ ಒಂದೇ ಓರೆಯಲ್ಲಿ ಮುಟ್ಟುವುದರಿಂದ ಕೋಲು ಮತ್ತು ನೆರಳಿನ ತ್ರಿಭುಜ, ಮರ ಮತ್ತು ನೆರಳಿನ ತ್ರಿಭುಜ ಸಮರೂಪ. ಮರ 12 ಮೀಟರ್. ಒಂದು ಭಾನುವಾರ ಬೆಳಿಗ್ಗೆ ಇದನ್ನು ಮಾಡಿದ ಮಗು ಸಮಾನುಪಾತದ ಲೆಕ್ಕವನ್ನು ಮರೆಯುವುದಿಲ್ಲ.

180ರ ಬಗ್ಗೆ ನನ್ನದೊಂದು ನೋವು ಹೇಳಿಕೊಳ್ಳಬೇಕು. ಹೈಸ್ಕೂಲಿನಲ್ಲಿ ಕೋನಮಾಪಕ ಹಿಡಿದು ಮೂರು ಕೋನ ಅಳೆದು ಕೂಡಿಸುವ ಚಟುವಟಿಕೆ ಇತ್ತು. ನನಗೆ 179 ಬಂತು, 179 ಎಂದೇ ಬರೆದೆ. ಕೆಂಪು ಗೆರೆ ಬಿತ್ತು. ಪಕ್ಕದವನು ಒಂದು ಕೋನವನ್ನು ಅಳಿಸಿ ಒಂದು ಡಿಗ್ರಿ ಏರಿಸಿಕೊಂಡು ಸರಿ ಚಿಹ್ನೆ ಪಡೆದ. ಆ ದಿನ ನಲವತ್ತು ಮಕ್ಕಳು ಕಲಿತದ್ದು ತ್ರಿಭುಜವನ್ನಲ್ಲ, ಅಳತೆ ತಿದ್ದುವುದನ್ನು. ಪೆನ್ಸಿಲ್ ಗೆರೆಗೆ ದಪ್ಪವಿದೆ, ಕೋನಮಾಪಕಕ್ಕೆ ಮಿತಿಯಿದೆ. 179 ಬರುವುದು ಪ್ರಾಮಾಣಿಕ ಅಳತೆ. ಹಾಗಾದರೆ 180 ಎಂದು ಅಷ್ಟು ಖಚಿತವಾಗಿ ಹೇಗೆ ಹೇಳುತ್ತೇವೆ? ಸಾಧನೆ ಹುಟ್ಟಿಕೊಳ್ಳುವುದು ಈ ಪ್ರಶ್ನೆಯಿಂದ. ಮೇಲಿನ ಶೃಂಗದ ಮೂಲಕ ಕೆಳಗಿನ ಬಾಹುವಿಗೆ ಸಮಾಂತರವಾಗಿ ಒಂದು ಗೆರೆ ಎಳೆಯಿರಿ. ಕೆಳಗಿನ ಎರಡು ಕೋನಗಳು ಪರ್ಯಾಯ ಕೋನಗಳಾಗಿ ಮೇಲಕ್ಕೆ ಬಂದು, ಶೃಂಗದ ಕೋನದ ಎಡಬಲಕ್ಕೆ ಕೂರುತ್ತವೆ. ಮೂರೂ ಸೇರಿ ಒಂದು ಸರಳರೇಖೆ. ಅಳತೆ ಮಾಡಿದ್ದು ಒಂದು ತ್ರಿಭುಜಕ್ಕೆ ಮಾತ್ರ, ಈ ಗೆರೆ ಹೇಳಿದ್ದು ಇದುವರೆಗೆ ಬರೆದ, ಇನ್ನು ಮುಂದೆ ಬರೆಯುವ ಎಲ್ಲ ತ್ರಿಭುಜಕ್ಕೂ. ಶಿಕ್ಷಕರಲ್ಲಿ ನನ್ನ ಬಿನ್ನಹ: 179 ತಂದ ಮಗುವಿಗೆ ಪೂರ್ತಿ ಅಂಕ ಕೊಡಿ, ಆಮೇಲೆ ಈ ಗೆರೆ ಎಳೆಯಿರಿ.

ಸಮತಟ್ಟಾದ ಹಾಳೆಯ ಮೇಲಷ್ಟೇ ಈ 180 ನಿಜ ಎಂಬುದನ್ನೂ ಹೇಳಿಬಿಡುತ್ತೇನೆ. ಭೂಗೋಳದ ಮೇಲೆ ಉತ್ತರ ಧ್ರುವದಿಂದ ಎರಡು ರೇಖಾಂಶಗಳನ್ನು 90 ಡಿಗ್ರಿ ಅಂತರದಲ್ಲಿ ಸಮಭಾಜಕದವರೆಗೆ ಇಳಿಸಿದರೆ ಮೂರು ಕೋನಗಳೂ 90, ಮೊತ್ತ 270. ಅಲ್ಲಿ ಎರಡು ಕೋನ ಹೇಳಿದರೆ ಮೂರನೆಯದು ಗೊತ್ತಾಗುವುದಿಲ್ಲ, ಅದು ಹೊಸ ಸುದ್ದಿಯೇ. ಹಾಗಾಗಿ ಗೋಳದ ಮೇಲೆ ಮೂರು ಕೋನ ಸಮವಾದರೆ ತ್ರಿಭುಜಗಳು ಸರ್ವಸಮವೇ ಆಗುತ್ತವೆ. ತ್ರಿಕೋನ ಎಂಬ ಹೆಸರು ಅಲ್ಲಿ ತ್ರಿಭುಜದಷ್ಟೇ ಬಲಶಾಲಿ.

ಮತ್ತೆ ಹಾಳೆಗೆ ಬರೋಣ. ಒಂದು ತೋಳು, ಅದರ ಎರಡು ತುದಿಯ ಕೋನ: ಕೋ.ಬಾ.ಕೋ. ಇದಕ್ಕೆ ನಮ್ಮ ನೆಲದಲ್ಲೇ ನಡೆದ ದೊಡ್ಡ ಉದಾಹರಣೆಯಿದೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಬ್ರಿಟಿಷ್ ಭೂಮಾಪಕ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಒಂದು ಆಧಾರರೇಖೆ ಅಳೆದ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಏಳೂವರೆ ಮೈಲಿಯ ಇನ್ನೊಂದು ರೇಖೆಯನ್ನು ಸರಪಳಿ ಹಾಸಿ ಹಾಸಿ ಅಳೆದ. ಅದಕ್ಕೆ 57 ದಿನ ಹಿಡಿಯಿತು. ಅಲ್ಲಿಂದ ಮುಂದೆ ಸರಪಳಿಗೆ ಹೆಚ್ಚು ಕೆಲಸವಿಲ್ಲ. ಅಳೆದ ರೇಖೆಯ ಎರಡು ತುದಿಗಳಿಂದ ದೂರದ ಗುಡ್ಡವೊಂದನ್ನು ಕೋನ ಅಳೆಯುವ ಅರ್ಧ ಟನ್ ತೂಕದ ಥಿಯೊಡೊಲೈಟಿನಲ್ಲಿ ನೋಡಿ ಕೋನ ಬರೆದುಕೊಂಡರೆ ಆ ತ್ರಿಭುಜ ಪೂರ್ತಿ ಕೈಗೆ ಬಂತು. ಅದರ ಹೊಸ ಬಾಹು ಮುಂದಿನ ತ್ರಿಭುಜಕ್ಕೆ ಆಧಾರ. ಹೀಗೆ ಗುಡ್ಡದಿಂದ ಗುಡ್ಡಕ್ಕೆ ತ್ರಿಭುಜಗಳನ್ನು ಹೆಣೆಯುತ್ತ ಬೆಂಗಳೂರಿಗೆ ಬಂದರು. ಲೆಕ್ಕ ಸರಿಯೇ ಎಂದು ನೋಡಲು 1804ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕ ರೇಖೆಯೊಂದನ್ನು ನೆಲದ ಮೇಲೆ ಮತ್ತೆ ಅಳೆದರು. ಮದ್ರಾಸಿನಿಂದ ಸುಮಾರು 300 ಕಿಲೋಮೀಟರ್ ಉದ್ದಕ್ಕೆ ಬರೀ ಕೋನ ನೋಡುತ್ತ ಬಂದು ಲೆಕ್ಕ ಹಾಕಿದ ಉದ್ದಕ್ಕೂ, ಸರಪಳಿ ಹೇಳಿದ ಉದ್ದಕ್ಕೂ ಬಂದ ವ್ಯತ್ಯಾಸ ಕೆಲವೇ ಅಂಗುಲ. ಅದೇ ಹೆಣಿಗೆ ಹಿಮಾಲಯದವರೆಗೆ ಮುಟ್ಟಿ, ರಾಧಾನಾಥ ಸಿಕ್ದರ್ ಮಾಡಿದ ಲೆಕ್ಕದ ಆಧಾರದಲ್ಲಿ ಎವರೆಸ್ಟ್ ಶಿಖರದ ಎತ್ತರ 29,002 ಅಡಿ ಎಂದು 1856ರಲ್ಲಿ ಪ್ರಕಟವಾಯಿತು. ಒಂಬತ್ತನೇ ತರಗತಿಯ ಮಗು ಕಣ್ಣು ಮುಚ್ಚಿ ಒಪ್ಪಿಸುವ ಮೂರಕ್ಷರಕ್ಕೆ ಇಷ್ಟು ದೂರದ ನಡಿಗೆಯಿದೆ ಎಂದು ಅದಕ್ಕೆ ಯಾರಾದರೂ ಹೇಳಬೇಡವೆ?

ಚಿತ್ರ ತಿರುಗಿಸಿದರೆ ಪೆನ್ನು ನಿಲ್ಲುತ್ತದೆ ಎಂದು ಆ ತಾಯಿ ಬರೆದಿದ್ದರಲ್ಲ, ಅದಕ್ಕೆ ಕಾರಣ ಮಗುವಿನದಲ್ಲ. ನಾವು ತ್ರಿಭುಜವನ್ನು ಯಾವಾಗಲೂ ಗೋಪುರದಂತೆ, ಕೆಳಗೊಂದು ಮಲಗಿದ ಗೆರೆಯ ಮೇಲೆ ನಿಲ್ಲಿಸಿಯೇ ಬರೆಯುತ್ತೇವೆ. ಆ ಗೆರೆಗೆ ಪಾದ ಎಂದು ಬೇರೆ ಕರೆಯುತ್ತೇವೆ. ಪಾದ ಕೆಳಗಲ್ಲದೆ ಇನ್ನೆಲ್ಲಿರುತ್ತದೆ ಎಂದು ಮಗು ತಿಳಿಯುವುದು ಸಹಜ. ಆದರೆ ಮೂರರಲ್ಲಿ ಯಾವ ಬಾಹುವನ್ನಾದರೂ ಪಾದ ಎನ್ನಬಹುದು, ಪ್ರತಿಯೊಂದಕ್ಕೂ ಅದರದೇ ಎತ್ತರವಿದೆ, ವಿಶಾಲಕೋನ ತ್ರಿಭುಜದಲ್ಲಿ ಆ ಎತ್ತರ ಆಕೃತಿಯ ಹೊರಗೇ ಬೀಳಬಹುದು. ರಟ್ಟಿನಲ್ಲಿ ಒಂದು ತ್ರಿಭುಜ ಕತ್ತರಿಸಿ ಮೇಜಿನ ಮೇಲೆ ಮೂರು ಬಾರಿ ತಿರುಗಿಸಿ ಇಟ್ಟರೆ ಸಾಕು. ಹೆಸರಿನ ವಿಷಯವೂ ಹಾಗೇ. ಎಬಿಸಿ ಸರ್ವಸಮ ಪಿಕ್ಯೂಆರ್ ಎಂದಾಗ ಅಕ್ಷರಗಳ ಸಾಲು ಎ ಹೋಗಿ ಪಿ ಮೇಲೆ ಕೂರುತ್ತದೆ, ಬಿ ಹೋಗಿ ಕ್ಯೂ ಮೇಲೆ ಕೂರುತ್ತದೆ ಎಂಬ ಸೂಚನೆ. ಎರಡು ಕಾಗದ ಕತ್ತರಿಸಿ ಒಂದರ ಮೇಲೊಂದು ಇಟ್ಟವರಿಗೆ ಅನುರೂಪ ಬಾಹು ಯಾವುದೆಂದು ಬಾಯಿಪಾಠ ಮಾಡಬೇಕಿಲ್ಲ.

ಬಾ.ಕೋ.ಬಾ ಸರಿ ಏಕೆಂದರೆ ಎರಡು ತೋಳು, ಅವುಗಳ ನಡುವಿನ ಕೋನ ಹೇಳಿದ ಮೇಲೆ ತೋಳುಗಳ ತುದಿಗಳು ನಿಂತುಬಿಡುತ್ತವೆ, ಅವನ್ನು ಸೇರಿಸುವ ಮೂರನೇ ತೋಳು ಒಂದೇ. ಉಳಿದದ್ದು ಬಾ.ಬಾ.ಕೋ. ಅದನ್ನು ವಿವರಿಸುವ ಬದಲು ಮಗಳಿಗೇ ಒಂದು ಕೆಲಸ ಕೊಡಿ. ಉದ್ದಕ್ಕೆ ಒಂದು ಗೆರೆ, ಅದರ ಎಡ ತುದಿಯಲ್ಲಿ 30 ಡಿಗ್ರಿ ಕೋನ. ಆ ಓರೆ ತೋಳಿನ ಮೇಲೆ 8 ಸೆಂಟಿಮೀಟರಿಗೆ ಗುರುತು. ಆ ಗುರುತಿನಿಂದ ಕೆಳಗಿನ ಗೆರೆಗೆ 5 ಸೆಂಟಿಮೀಟರಿನ ಮೂರನೇ ತೋಳು ಇಳಿಸಬೇಕು. ಕೈವಾರದ ಕಂಸ ಗೆರೆಯನ್ನು ಎರಡು ಕಡೆ ಕತ್ತರಿಸುತ್ತದೆ, ಒಂದು ಎಡ ತುದಿಯಿಂದ ಸುಮಾರು 3.9 ಸೆಂಟಿಮೀಟರ್ ದೂರದಲ್ಲಿ, ಇನ್ನೊಂದು 9.9ರಲ್ಲಿ. ಕೊಟ್ಟ ಮೂರು ಅಳತೆಯೂ ಒಂದೇ, ತ್ರಿಭುಜಗಳು ಎರಡು. ಇದಾದ ಮೇಲೆ 30ರ ಬದಲು 90 ಡಿಗ್ರಿ, 8ರ ಬದಲು 4 ಸೆಂಟಿಮೀಟರ್ ಮಾಡಿಸಿ, ಗೆರೆಯನ್ನು ಎರಡೂ ಕಡೆಗೆ ಬೆಳೆಸಿ. ಕಂಸ ಈಗಲೂ ಎರಡು ಕಡೆ ಕತ್ತರಿಸುತ್ತದೆ, ಆದರೆ ಎಡಕ್ಕೆ 3, ಬಲಕ್ಕೆ 3: ಒಂದು ಇನ್ನೊಂದರ ಬಿಂಬ, ಅಂದರೆ ತ್ರಿಭುಜ ಒಂದೇ. ಲಂ.ವಿ.ಬಾ (ಲಂಬಕೋನ, ವಿಕರ್ಣ, ಬಾಹು) ಎಂದು ಲಂಬಕೋನಕ್ಕೆ ಮಾತ್ರ ಪ್ರತ್ಯೇಕ ಬಾಗಿಲು ತೆರೆದಿರುವುದು ಇದರಿಂದ.

ಪತ್ರ ಬರೆದ ತಾಯಿಯೇ, ಇವತ್ತು ಸಂಜೆ ಮಗಳಿಗೆ 30 ಡಿಗ್ರಿ, 8 ಮತ್ತು 5 ಸೆಂಟಿಮೀಟರಿನ ಲೆಕ್ಕ ಕೊಡಿ. ಮೇಲೆ ಬರೆದ ಉತ್ತರ ಓದಿ ಹೇಳಬೇಡಿ. ಒಂದು ತ್ರಿಭುಜ ಬರೆದು ತಂದು ತೋರಿಸಿದರೆ ಇನ್ನೊಂದೂ ಇದೆ ಎಂದಷ್ಟೇ ಹೇಳಿ, ಅವಳು ಹುಡುಕಿ ತರುವವರೆಗೆ ಕಾಯಿರಿ.